ತಮ್ಮನಿಗೆ ಹಿಮೋಫಿಲಿಯಾ ಇದೆ, ನಾನು ಸೋದರಮಾವನನ್ನು ಮದುವೆ ಆಗಬಹುದಾ?

ಚನ್ನಗಿರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ವಿಷಯ ಮನೆಯದು. ಆದರೆ ಮನೆಯಲ್ಲಿ ಎತ್ತಿದರೆ ಜಗಳವೇ ಆಗುತ್ತದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಮ್ಮನಿಗೆ ಹಿಮೋಫಿಲಿಯಾ ಎ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಶೇ. 1ಕ್ಕಿಂತ ಕಡಿಮೆ ಇದೆ, ಅಂದರೆ ತೀವ್ರ ಅಂತ ಬರೆದುಕೊಟ್ಟಿದ್ದಾರೆ. ಬಿದ್ದರೂ ಸರಿ, ಬೀಳದಿದ್ದರೂ ಸರಿ, ಮೊಣಕಾಲು ಊದಿಕೊಳ್ಳುತ್ತದೆ. ಅಮ್ಮನ ಅಣ್ಣ ಒಬ್ಬರು ಹುಡುಗರಾಗಿದ್ದಾಗ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡರಂತೆ. ಆಗ ಕಾಯಿಲೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಈಗ ಅಮ್ಮನ ಕೊನೆಯ ತಮ್ಮನಿಗೆ ನನ್ನನ್ನು ಕೊಡುವ ಮಾತು ನಡೆದಿದೆ. ಮಾವ ಆರೋಗ್ಯವಾಗಿದ್ದಾರೆ. ಕಬಡ್ಡಿ ಆಡಿ ಮಂಡಿ ಕೆತ್ತಿಸಿಕೊಂಡು ಬಂದರೂ ಏನೂ ಆಗಲ್ಲ. ಅಪ್ಪನ ತಾಯಿ ಮಾತ್ರ, "ಆ ಮನೆ ರಕ್ತದಲ್ಲೇ ದೋಷ ಇದೆ. ನಿಮ್ಮಮ್ಮ ತಂದಳು. ನೀನೂ ಅಲ್ಲಿಗೇ ಹೋದರೆ ಎರಡರಷ್ಟಾಗುತ್ತದೆ" ಅಂತಾರೆ. ಅಮ್ಮನ ಕಡೆಯವರು, "ಹುಡುಗನಿಗೆ ಏನೂ ಇಲ್ಲವಲ್ಲ, ಸುಮ್ನೆ ಹೆದರಿಸಬೇಡಿ" ಅಂತಾರೆ. ಇಬ್ಬರಲ್ಲಿ ಯಾರು ಸರಿ? ನನಗೆ ಮಾವ ಇಷ್ಟ ಇಲ್ಲ ಅಂತೇನಿಲ್ಲ. ಆದರೆ ತಮ್ಮ ರಾತ್ರಿ ನೋವಿಗೆ ನರಳುವುದನ್ನು ನೋಡಿದ್ದೇನೆ.

ಕೋಟೆನಾಡು ಮೇಷ್ಟ್ರು

ತಂಗಿ, ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು. ಡಾಕ್ಟರ್ ಅಲ್ಲ. ಆದರೆ ನಿಮ್ಮ ಪ್ರಶ್ನೆಯ ಲೆಕ್ಕ ನಮ್ಮ ಪಾಠದಲ್ಲೇ ಇದೆ.

ಮನುಷ್ಯನಿಗೆ 23 ಜೋಡಿ, ಒಟ್ಟು 46 ವರ್ಣತಂತು. ಕೊನೆಯ ಜೋಡಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುತ್ತದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಫ್ಯಾಕ್ಟರ್ 8 ತಯಾರಿಸುವ ಜೀನ್ ಎಕ್ಸ್ ಮೇಲಿದೆ. ಮನೆ ಬೀಗಕ್ಕೆ ಎರಡು ಕೀಲಿಕೈ ಇದ್ದರೆ ಒಂದು ಮುರಿದರೂ ಇನ್ನೊಂದರಲ್ಲಿ ಬಾಗಿಲು ತೆಗೆಯಬಹುದು, ಅಲ್ವಾ? ಹೆಣ್ಣಿನ ಸ್ಥಿತಿ ಅದು. ಗಂಡಿಗೆ ಇರುವುದೇ ಒಂದು ಕೀಲಿಕೈ.

ಈಗ ನಿಮ್ಮ ಮನೆಗೆ ಬರೋಣ. ಅಮ್ಮನ ಅಣ್ಣನಿಗೂ ಇತ್ತು ಅನ್ನುವ ಹಾಗಿದೆ, ಮಗನಿಗೂ ಇದೆ. ಹಾಗಾದರೆ ಅಮ್ಮ ವಾಹಕಿ, ಅಂದರೆ ಎರಡು ಎಕ್ಸ್‌ನಲ್ಲಿ ಒಂದರ ಮೇಲೆ ಕೆಟ್ಟ ಜೀನ್ ಇರುವವರು, ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಅಮ್ಮನ ಎರಡು ಎಕ್ಸ್‌ನಲ್ಲಿ ಯಾವುದು ನಿಮಗೆ ಬಂದಿದೆಯೋ ನೋಡಿದರೆ ಹೇಳಲು ಆಗಲ್ಲ. ನೀವು ವಾಹಕಿ ಆಗಿರುವ ಸಾಧ್ಯತೆ ಶೇ. 50.

ಮಾವನ ವಿಷಯ ಬೇರೆ. ಅವರಿಗೆ ಇರುವುದು ಒಂದೇ ಎಕ್ಸ್. ಅದು ಕೆಟ್ಟಿದ್ದರೆ ಕಾಯಿಲೆ ಅವರಲ್ಲೇ ಕಾಣುತ್ತಿತ್ತು. ಗಂಡಸು ಈ ಕಾಯಿಲೆಯನ್ನು ಒಳಗೆ ಮುಚ್ಚಿಟ್ಟುಕೊಂಡು ಓಡಾಡಲು ಆಗುವುದಿಲ್ಲ. ಹಾಗಾಗಿ ಅವರಿಂದ ಹಿಮೋಫಿಲಿಯಾ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಅಜ್ಜಿ ಹೇಳುವ ಎರಡರಷ್ಟು ಲೆಕ್ಕ ಇಲ್ಲಿ ಕೂಡುವುದಿಲ್ಲ. ನೀವು ಮಾವನನ್ನು ಆದರೂ, ಬೆಂಗಳೂರಿನ ಯಾವುದೋ ಹುಡುಗನನ್ನು ಆದರೂ ಹಿಮೋಫಿಲಿಯಾ ಮಟ್ಟಿಗೆ ಲೆಕ್ಕ ಒಂದೇ. ನೀವು ವಾಹಕಿ ಆಗಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೆ ಶೇ. 50 ಸಾಧ್ಯತೆ. ಪ್ರತಿ ಹೆಣ್ಣುಮಗು ವಾಹಕಿ ಆಗುವ ಸಾಧ್ಯತೆ ಶೇ. 50. ವಾಹಕಿ ಅಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಅಂದರೆ ಹುಡುಗ ಯಾರು ಎನ್ನುವುದಕ್ಕಿಂತ ಮೊದಲು ನಿಮ್ಮ ಟೆಸ್ಟ್ ಆಗಬೇಕು.

ಜಗಳೂರು ಗೌಡ

ನೋಡಿ, ಇದನ್ನೇ ನಾನು ಹೇಳುವುದು. ಒಳಗೊಳಗೇ ಮದುವೆ ಆದರೆ ಮಕ್ಕಳು ಹಂಗಾಗುತ್ತವೆ ಹಿಂಗಾಗುತ್ತವೆ ಅಂತ ಟಿವಿಯವರು ಹೆದರಿಸುತ್ತಾರೆ. ನಮ್ಮಪ್ಪ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದು. ನಾವು ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಇದ್ದೇವೆ. ತಂಗ್ಯವ್ವ, ಧೈರ್ಯವಾಗಿ ಮದುವೆ ಆಗು.

ಕೋಟೆನಾಡು ಮೇಷ್ಟ್ರು

ಗೌಡ್ರೇ, ಸ್ವಲ್ಪ ನಿಲ್ಲಿ. ನಾನು ಹೇಳಿದ್ದು ಹಿಮೋಫಿಲಿಯಾ ಬಗ್ಗೆ ಮಾತ್ರ.

ಉಳಿದ 22 ಜೋಡಿಯ ಮೇಲೂ ಸಾವಿರಾರು ಜೀನ್ ಇವೆ. ಅಲ್ಲಿ ಗಂಡಿಗೂ ಎರಡು ಪ್ರತಿ, ಹೆಣ್ಣಿಗೂ ಎರಡು ಪ್ರತಿ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಂಥ ಒಂದೆರಡು ಕೆಟ್ಟ ಪ್ರತಿ ನಿಮ್ಮಲ್ಲೂ ಇರುತ್ತವೆ, ನನ್ನಲ್ಲೂ ಇರುತ್ತವೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಥಲಸ್ಸೀಮಿಯಾ, ಸಿಕಲ್ ಸೆಲ್, ಸ್ನಾಯು ಸೋಲುವ ಎಸ್‌ಎಂಎ, ಹುಟ್ಟು ಕಿವುಡಿನ ಕೆಲವು ಬಗೆ ಎಲ್ಲ ಈ ದಾರಿಯಲ್ಲೇ ಬರುತ್ತವೆ.

ಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನ್ ಒಂದೇ. ಅತ್ತೆ ಮಗ, ಮಾವನ ಮಗಳು ಆದರೆ ಎಂಟರಲ್ಲಿ ಒಂದು ಭಾಗ. ಹೊರಗಿನವರನ್ನು ಆದಾಗ ಇಬ್ಬರಿಗೂ ಒಂದೇ ಜೀನ್ ಕೆಟ್ಟಿರುವುದು ಅಪರೂಪ. ಒಳಗೆ ಆದಾಗ ಅಷ್ಟು ಅಪರೂಪ ಅಲ್ಲ. ಸಾಮಾನ್ಯವಾಗಿ ನೂರಕ್ಕೆ 2ರಿಂದ 3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳು ಮದುವೆ ಆದಾಗ ಅದು ಸುಮಾರು ಎರಡರಷ್ಟು. ಮಾವ ಸೊಸೆ ಅಂದರೆ ಇನ್ನೂ ಹತ್ತಿರದ ರಕ್ತ.

ನೂರಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳು ಚೆನ್ನಾಗೇ ಇರುತ್ತವೆ ಎನ್ನುವುದೂ ಅದೇ ಲೆಕ್ಕದಲ್ಲಿ ಸೇರಿದೆ, ಗೌಡ್ರೇ. ನಿಮ್ಮ ಮನೆ ಆ ಕಡೆಯದು. ಸಂತೋಷ. ಆದರೆ ಒಂದು ಮನೆ ನೋಡಿ ಊರಿಗೆಲ್ಲ ಧೈರ್ಯ ಹೇಳಲು ಆಗಲ್ಲ. ಕರ್ನಾಟಕದಲ್ಲಿ ಕಾಲು ಭಾಗದಷ್ಟು ಮದುವೆಗಳು ನೆಂಟರೊಳಗೇ ಆಗುತ್ತವೆ. ಹೀಗಾಗಿ ಇದು ಸಣ್ಣ ವಿಷಯ ಅಲ್ಲ.

ಹರಿಹರದ ತಾಯಿ

ಚನ್ನಗಿರಿ ತಂಗಿ, ನಿನ್ನ ಅಮ್ಮನಿಗೆ ನನ್ನದೊಂದು ಮಾತು ತಲುಪಿಸು. "ನಿಮ್ಮಮ್ಮ ತಂದಳು" ಅನ್ನುವುದನ್ನು ನಾನೂ ಕೇಳಿಸಿಕೊಂಡಿದ್ದೇನೆ. ನನ್ನ ಮಗನಿಗೂ ಇದೇ ಕಾಯಿಲೆ. ನಮ್ಮ ತವರಲ್ಲಿ ಹಿಂದೆ ಮುಂದೆ ಯಾರಿಗೂ ಇರಲಿಲ್ಲ. ಆದರೂ ಮನೆಯಲ್ಲಿ ನನ್ನ ತಾಯಿಯ ಮೇಲೆ, ಅವರ ತಾಯಿಯ ಮೇಲೆ ಎಲ್ಲ ಗೂಬೆ ಕೂರಿಸಿದರು. ನಾಗದೋಷ ಅಂದರು. ಹರಕೆ ತೀರಿಸಿಲ್ಲ ಅಂದರು.

ಡಾಕ್ಟರ್ ಕೂರಿಸಿಕೊಂಡು ಹೇಳಿದ್ದು ಇದು. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದ ಮನೆಗಳಲ್ಲಿ ಹಿಂದೆ ಯಾರಿಗೂ ಇದ್ದ ಗುರುತೇ ಇರುವುದಿಲ್ಲ. ಜೀನ್ ಹೊಸದಾಗಿ ಬದಲಾಗಿರುತ್ತದೆ. ಯಾರೂ ತರುವುದಲ್ಲ, ಯಾರೂ ಬೇಕಂತ ಕೊಡುವುದಲ್ಲ. ಅಲ್ಲಾ, ಮಗ ಆಗಲು ವೈ ಕೊಟ್ಟವನು ಅಪ್ಪ. ಅದಕ್ಕೆ ಮಾತ್ರ ಸಿಹಿ ಹಂಚುತ್ತಾರೆ!

ಇನ್ನೊಂದು. ರಕ್ತ ಸುರಿದು ಸಾಯುತ್ತಾರೆ ಅಂತ ಎಲ್ಲರೂ ಗಾಯಕ್ಕೆ ಹೆದರುತ್ತಾರೆ. ಗಾಯದಿಂದ ರಕ್ತ ಜೋರಾಗಿ ಬರುವುದಿಲ್ಲ, ಜಾಸ್ತಿ ಹೊತ್ತು ಬರುತ್ತದೆ ಅಷ್ಟೇ. ನಿಜವಾದ ಕಾಟ ಒಳಗಿನದು. ಮೊಣಕಾಲು, ಮೊಣಕೈ, ಹರಡಿನ ಕೀಲಿನೊಳಗೆ ರಕ್ತ ಸೇರಿಕೊಂಡು ಊದುತ್ತದೆ. ಮತ್ತೆ ಮತ್ತೆ ಹಾಗಾದರೆ ಕೀಲು ಬಿಗಿದು ನಡೆಯಲು ಆಗದ ಹಾಗೆ ಆಗುತ್ತದೆ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಒಂದು ನಿಮಿಷ ಕಾಯಬಾರದು. ಮೊದಲು ನರಕ್ಕೆ ಫ್ಯಾಕ್ಟರ್ ಹಾಕಿಸಬೇಕು, ಆಮೇಲೆ ಸ್ಕ್ಯಾನ್.

ನೋವಿಗೆ ಅಂತ ಆಸ್ಪಿರಿನ್, ಬ್ರೂಫೆನ್ ಕೊಡಬೇಡ. ರಕ್ತ ಇನ್ನೂ ನಿಲ್ಲುವುದಿಲ್ಲ. ಪ್ಯಾರಾಸಿಟಮಾಲ್ ಕೊಡಬಹುದು. ಸೊಂಟಕ್ಕೆ, ತೊಡೆಗೆ ಸೂಜಿ ಚುಚ್ಚಿಸಬೇಡ. ಒಂದು ಕ್ಲಿನಿಕ್‌ನಲ್ಲಿ, ಹೆಸರು ಬೇಡ, ಜ್ವರ ಅಂತ ಹೋದಾಗ ನಾನು ಬಾಯಿ ಬಡಿದುಕೊಂಡರೂ ಕೇಳದೆ ಇಂಜೆಕ್ಷನ್ ಕೊಟ್ಟರು. ತೊಡೆ ಕುಂಬಳಕಾಯಿ ಗಾತ್ರ ಆಯಿತು. ಅವತ್ತಿನಿಂದ ಮಗನ ಬ್ಯಾಗಿನಲ್ಲಿ, ನನ್ನ ಪರ್ಸಿನಲ್ಲಿ ಕಾಯಿಲೆ ಹೆಸರು ಬರೆದ ಚೀಟಿ ಇರುತ್ತದೆ.

ಮತ್ತೆ, ನೀವು ದೂರ ಎಲ್ಲೂ ಹುಡುಕಬೇಕಾಗಿಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದೇ ದಾವಣಗೆರೆಯಲ್ಲಿ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದವರು. ಅವರಿಗೂ ಹಿಮೋಫಿಲಿಯಾ ಇದೆ. ನೋವು ಗೊತ್ತಿರುವವರ ಹತ್ತಿರ ಮಾತಾಡುವುದೇ ಬೇರೆ.

ಬಯಾಲಜಿ ಬೋರು

ನಾನು ಸೆಕೆಂಡ್ ಪಿಯು. ಈ ಪಾಠ ಬಂದಾಗೆಲ್ಲ ವಿಕ್ಟೋರಿಯಾ ರಾಣಿ ವಂಶದ ಚಿತ್ರ ಹಾಕುತ್ತಾರೆ. ರಾಣಿಗಿಂತ ಹಿಂದೆ ಆ ವಂಶದಲ್ಲಿ ಯಾರಿಗೂ ಇದ್ದ ದಾಖಲೆ ಇಲ್ಲವಂತೆ, ಹರಿಹರದ ಆಂಟಿ ಹೇಳಿದ ಹಾಗೆ ಹೊಸದಾಗಿ ಬಂದಿರಬೇಕು. ರಾಣಿಯ ಮಗ ಲಿಯೋಪೋಲ್ಡ್‌ಗೆ ಇತ್ತು. ಹೆಣ್ಣುಮಕ್ಕಳ ಮೂಲಕ ರಷ್ಯಾದ ರಾಜಕುಮಾರ ಅಲೆಕ್ಸಿವರೆಗೂ ಹೋಯಿತು. 2009ರಲ್ಲಿ ರಷ್ಯಾದ ರಾಜಮನೆತನದ ಮೂಳೆಗಳ ಡಿಎನ್‌ಎ ನೋಡಿ ಅದು ಹಿಮೋಫಿಲಿಯಾ ಬಿ, ಅಂದರೆ ಫ್ಯಾಕ್ಟರ್ 9ರ ಕೊರತೆ ಅಂತ ಪತ್ತೆ ಮಾಡಿದರು. ಪರೀಕ್ಷೆಗೆ ಇದು ಬರಲ್ಲ, ಆದರೂ ಹೇಳಿದೆ.

ಹೊನ್ನಾಳಿ ಫ್ಯಾಕ್ಟರ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನೇ ಹಿಮೋಫಿಲಿಯಾ ಇರುವವನು, ವಯಸ್ಸು ನಲವತ್ತರ ಹತ್ತಿರ. ಒಂದು ಮಂಡಿ ಪೂರ್ತಿ ಮಡಚಲು ಆಗಲ್ಲ.

ಮೇಷ್ಟ್ರು ಹೇಳಿದ್ದು ಆರೋಗ್ಯವಾಗಿರುವ ಮಾವನ ಲೆಕ್ಕ. ಕಾಯಿಲೆ ಇರುವ ಮಾವನ ಲೆಕ್ಕ ಯಾರೂ ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಇದು ನಡೆಯುತ್ತದೆ. "ಪಾಪ, ಇವನಿಗೆ ಹೊರಗೆ ಹೆಣ್ಣು ಯಾರು ಕೊಡುತ್ತಾರೆ, ಅಕ್ಕನ ಮಗಳೇ ನೋಡಿಕೊಳ್ಳಲಿ" ಅಂತ ಮಾಡುತ್ತಾರೆ. ನಮ್ಮ ಮನೆಯಲ್ಲೂ ಅದೇ ಮಾತು ಎದ್ದಿತ್ತು.

ನಮ್ಮ ತಾಯಿ ವಾಹಕಿ. ಹಾಗಾಗಿ ನಮ್ಮಕ್ಕ ವಾಹಕಿ ಆಗಿರುವ ಸಾಧ್ಯತೆ ಅರ್ಧ, ಅವಳ ಮಗಳು ಆಗಿರುವ ಸಾಧ್ಯತೆ ಕಾಲು. ಅವಳು ವಾಹಕಿ ಆಗಿದ್ದು ನನ್ನನ್ನೇ ಮದುವೆ ಆಗಿದ್ದರೆ? ನನ್ನ ಕೆಟ್ಟ ಎಕ್ಸ್ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ. ತಾಯಿ ಕಡೆಯಿಂದಲೂ ಕೆಟ್ಟ ಎಕ್ಸ್ ಬರುವ ಸಾಧ್ಯತೆ ಅರ್ಧ. ಅಂದರೆ ಹೆಣ್ಣುಮಗುವಿಗೂ ಕಾಯಿಲೆ ಪೂರ್ತಿಯಾಗಿ ಬರಬಹುದು. ಹೆಣ್ಣಿಗೆ ಹಿಮೋಫಿಲಿಯಾ ಬರುವುದೇ ಇಲ್ಲ ಅಂತ ಊರಲ್ಲಿ ನಂಬಿದ್ದಾರೆ. ಇಂಥ ಮದುವೆಯಲ್ಲಿ ಬರುತ್ತದೆ. ಆ ಹುಡುಗಿ ದೊಡ್ಡವಳಾದಾಗ ಪ್ರತಿ ತಿಂಗಳೂ ಏನಾಗುತ್ತದೆ ಯೋಚನೆ ಮಾಡಿ.

ನಾನು ಒಪ್ಪಲಿಲ್ಲ. ಅಕ್ಕ ಸ್ವಲ್ಪ ಕಾಲ ಮಾತು ಬಿಟ್ಟಳು. ಆಮೇಲೆ ಹೊರಗಿನ ಹುಡುಗಿ, ಎಲ್ಲ ಹೇಳಿಯೇ ಮದುವೆ ಆಗಿದ್ದು. ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ನನ್ನಿಂದ ಹೋಗಿದ್ದು ವೈ, ಅವನಿಗೆ ಈ ಕಾಯಿಲೆ ಸಂಬಂಧವೇ ಇಲ್ಲ. ಮಗಳು ಖಂಡಿತ ವಾಹಕಿ, ಅದಕ್ಕೆ ಟೆಸ್ಟೇ ಬೇಡ. ಆದರೆ ಅವಳ ಫ್ಯಾಕ್ಟರ್ ಮಟ್ಟ ಮಾತ್ರ ನೋಡಿಸಿದ್ದೇವೆ.

ಚನ್ನಗಿರಿಯವರೇ, ನಿಮ್ಮ ತಮ್ಮನಿಗೆ ಅಂಗವಿಕಲರ ಗುರುತಿನ ಚೀಟಿ ಆಗಿದೆಯಾ? 2016ರ ಕಾಯ್ದೆಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಮಾಡಿಸಿ. ಫ್ಯಾಕ್ಟರ್ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಹೊರಡುವ ಮೊದಲು ದಾಸ್ತಾನು ಇದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಹಿಮೋಫಿಲಿಯಾ ಎ ಇರುವವರಿಗೆ ಈಗ ಎಮಿಸಿಜುಮಾಬ್ ಅನ್ನುವ ಔಷಧವೂ ಇದೆ. ನರಕ್ಕೆ ಅಲ್ಲ, ಚರ್ಮದ ಕೆಳಗೆ ಕೊಡುತ್ತಾರೆ. ಅದರ ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿ. ನಾನು ಹುಡುಗನಾಗಿದ್ದಾಗ ಇದು ಇದ್ದಿದ್ದರೆ ಈ ಮಂಡಿ ಹೀಗೆ ಇರುತ್ತಿರಲಿಲ್ಲ.

ಜಗಳೂರು ಗೌಡ

ಅಣ್ಣ, ಹೆಣ್ಣುಮಕ್ಕಳಿಗೂ ಬರುತ್ತದೆ ಅನ್ನುವುದು ಇವತ್ತೇ ಕೇಳಿದ್ದು. ಸರಿ, ಮಾವ ಸೊಸೆ ಬೇಡ ಅಂತಲೇ ಇಟ್ಟುಕೊಳ್ಳಿ. ಆದರೆ ವಂಶದ ಕಾಯಿಲೆ ಎಲ್ಲ ಒಳಗೆ ಮದುವೆ ಆಗುವುದರಿಂದಲೇ ಅನ್ನುವುದನ್ನು ನಾನು ಒಪ್ಪಲ್ಲ. ಸಾಗರದ ಕಡೆ ಹಂದಿಗೋಡು ಕಾಯಿಲೆ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ?

ಕೋಟೆನಾಡು ಮೇಷ್ಟ್ರು

ಗೌಡ್ರೇ, ಒಳ್ಳೆ ಉದಾಹರಣೆ ಎತ್ತಿದಿರಿ. ಹಂದಿಗೋಡು ಕಾಯಿಲೆ ಮೂರನೇ ದಾರಿ. 1970ರ ದಶಕದಲ್ಲಿ ಸಾಗರ ತಾಲೂಕಿನಲ್ಲಿ ಬೆಳಕಿಗೆ ಬಂತು. ಸೊಂಟ, ಮಂಡಿಯ ಕೀಲು ಸವೆದು ಜನ ಬಗ್ಗಿ ನಡೆಯುವ ಹಾಗಾಗುತ್ತದೆ. ಗದ್ದೆಗೆ ಹೊಡೆದ ಔಷಧ ಸೇರಿದ ಏಡಿ ತಿಂದು ಬಂತು ಅಂತ ಆಗ ಅನುಮಾನ ಪಟ್ಟಿದ್ದರು. ಆಮೇಲೆ ವಂಶವೃಕ್ಷ ಬರೆದು ನೋಡಿದಾಗ ಪೀಳಿಗೆಯಿಂದ ಪೀಳಿಗೆಗೆ ನೇರವಾಗಿ ಇಳಿಯುವುದು ಕಂಡಿತು. ಇಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಶೇ. 50. ಹೊರಗೆ ಮದುವೆ ಆದರೂ ಅದು ತಪ್ಪುವುದಿಲ್ಲ. ನೀವು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

ಅದಕ್ಕೇ ಕಾಯಿಲೆ ಹೆಸರು ಗೊತ್ತಾಗದೆ ಮದುವೆ ಲೆಕ್ಕ ಹಾಕಬಾರದು ಅನ್ನುವುದು. "ರಕ್ತದಲ್ಲಿ ದೋಷ" ಅಂತ ಒಂದೇ ಮಾತಿನಲ್ಲಿ ಎಲ್ಲವನ್ನೂ ಮೂಟೆ ಕಟ್ಟಿದರೆ ಅಜ್ಜಿಯ ಭಯವೂ ತಪ್ಪಾಗುತ್ತದೆ, ಅಮ್ಮನ ಕಡೆಯವರ ಧೈರ್ಯವೂ ತಪ್ಪಾಗುತ್ತದೆ.

ಹಿರಿಯೂರು ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ನಮ್ಮದು ನೆಂಟಸ್ತನದ ಮದುವೆ ಅಲ್ಲ. ಆದರೂ ಬಂದವರೆಲ್ಲ "ಒಳಗೇ ಆಗಿದ್ರಾ?" ಅಂತ ಕೇಳುತ್ತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಕೋಟೆನಾಡು ಮೇಷ್ಟ್ರು

ಇಲ್ಲ ಅಮ್ಮ. ಅದು ಜೀನ್ ಕೆಟ್ಟಿದ್ದಲ್ಲ, ವರ್ಣತಂತುವಿನ ಎಣಿಕೆ ಹೆಚ್ಚಾಗಿದ್ದು. 21ನೆಯದು ಎರಡರ ಬದಲು ಮೂರು ಇರುತ್ತದೆ. 1959ರಲ್ಲೇ ಇದು ಗೊತ್ತಾಯಿತು. ನೂರಕ್ಕೆ ಸುಮಾರು 95 ಮಂದಿಯಲ್ಲಿ ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಜೋಡಿ ಬೇರೆ ಆಗದೆ ಉಳಿದಿದ್ದೇ ಕಾರಣ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ. ಆದರೆ ಎಳೆ ವಯಸ್ಸಿನ ತಾಯಂದಿರಿಗೂ ಆಗುತ್ತದೆ. ಕೆಲವೇ ಮನೆಗಳಲ್ಲಿ 21ರ ತುಂಡು ಬೇರೆ ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಅದು ಅಪ್ಪ ಅಮ್ಮನಿಂದ ಬಂದಿರಬಹುದು. ಮಗಳ ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳನ್ನು ಎಣಿಸಿ ನೋಡುವ ಪರೀಕ್ಷೆಯ ರಿಪೋರ್ಟ್ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಚನ್ನಗಿರಿ ಹುಡುಗಿ

ಎಲ್ಲರಿಗೂ ಧನ್ಯವಾದ. ಹೊನ್ನಾಳಿ ಅಣ್ಣ, ನಿಮ್ಮ ಪೋಸ್ಟನ್ನು ಅಮ್ಮನಿಗೆ ಓದಿ ಹೇಳಿದೆ. ಹರಿಹರದ ಅಕ್ಕ, ನಿಮ್ಮದನ್ನೂ ಓದಿದೆ, ಸಿಹಿ ಹಂಚುವ ಸಾಲು ಕೇಳಿ ಅಮ್ಮ ನಕ್ಕರು.

ನನ್ನ ಟೆಸ್ಟ್ ಬಗ್ಗೆ ಕೇಳಬೇಕಿತ್ತು. ಸುಮ್ನೆ ಫ್ಯಾಕ್ಟರ್ 8 ಮಟ್ಟ ನೋಡಿಸಿದರೆ ಸಾಕಾ? ಚಿಕ್ಕಪ್ಪ ಹತ್ತಿರದ ಲ್ಯಾಬಿನಲ್ಲಿ ಕೇಳಿದಾಗ, ಮಾಡುತ್ತೇವೆ ಅಂದರಂತೆ. ಇನ್ನೊಂದು, ಬಸಿರಾದ ಮೇಲೆ ಮಗುವಿಗೆ ಇದೆಯಾ ಅಂತ ನೋಡುವುದು ಕಾನೂನಿಗೆ ವಿರುದ್ಧ ಅಂತ ಯಾರೋ ಹೆದರಿಸಿದರು.

ಲ್ಯಾಬ್‌ನವನು ದಾವಣಗೆರೆ

ಮೇಡಂ, ಮಟ್ಟ ನೋಡುವುದು ಬೇಕು, ಆದರೆ ಅಷ್ಟೇ ಸಾಕಾಗಲ್ಲ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ನಲ್ಲಿ ಒಂದು ಬಾಯಿ ಮುಚ್ಚಿಕೊಂಡಿರುತ್ತದೆ. ಯಾವುದು ಅನ್ನುವುದು ಕೋಶಕ್ಕೊಂದು ಥರ. ಅದಕ್ಕೆ ಕೆಲವು ವಾಹಕಿಯರ ಮಟ್ಟ ಪೂರ್ತಿ ನಾರ್ಮಲ್ ಬರುತ್ತದೆ. ರಿಪೋರ್ಟ್ ನಾರ್ಮಲ್ ಅಂತ ನೀವು ನಿಶ್ಚಿಂತೆಯಿಂದ ಕೂತರೆ ಕಷ್ಟ. ಇನ್ನು ಕೆಲವರ ಮಟ್ಟ ಶೇ. 40ಕ್ಕಿಂತ ಕೆಳಗಿರುತ್ತದೆ. ಅವರಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದು, ಹೆರಿಗೆ ಆದ ಮೇಲೆ ನಿಲ್ಲದಿರುವುದು ಎಲ್ಲ ಆಗುತ್ತದೆ. ನಿಮಗೆ ಹಾಗೇನಾದರೂ ಇದ್ದರೆ ಡಾಕ್ಟರಿಗೆ ಈಗಲೇ ಹೇಳಿ. ಬಸಿರಿನಲ್ಲಿ ಫ್ಯಾಕ್ಟರ್ 8 ತಾನಾಗಿಯೇ ಏರುತ್ತದೆ, ಆಗ ನೋಡಿದರೆ ಲೆಕ್ಕ ಇನ್ನೂ ದಾರಿ ತಪ್ಪುತ್ತದೆ. ಮದುವೆಗೆ ಮೊದಲೇ ಮಾಡಿಸಿ ಅನ್ನುವುದು ಅದಕ್ಕೆ.

ಖಚಿತ ಉತ್ತರ ಡಿಎನ್‌ಎ ಪರೀಕ್ಷೆಯಲ್ಲಿ. ಅದರಲ್ಲೂ ಕ್ರಮ ಇದೆ. ಮೊದಲು ನಿಮ್ಮದಲ್ಲ, ತಮ್ಮನದು. ಅವನ ಜೀನಿನಲ್ಲಿ ಎಲ್ಲಿ ತಪ್ಪಾಗಿದೆ ಅಂತ ಹುಡುಕಬೇಕು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ಇಂಟ್ರಾನ್ 22 ಅನ್ನುವ ಜಾಗದಲ್ಲಿ ಜೀನಿನ ಒಂದು ಭಾಗ ತಿರುಗುಮುರುಗು ಆಗಿರುತ್ತದೆ. ಮೊದಲು ಅದನ್ನೇ ನೋಡುತ್ತಾರೆ. ಸಿಗದಿದ್ದರೆ ಉಳಿದ ಜೀನ್ ಓದುತ್ತಾರೆ. ತಪ್ಪು ಸಿಕ್ಕ ಮೇಲೆ ಅದೇ ಜಾಗ ನಿಮ್ಮಲ್ಲಿ ಹೇಗಿದೆ ಅಂತ ನೋಡುವುದು ಸುಲಭ. ನೇರವಾಗಿ ನಿಮ್ಮದೇ ಮಾಡಿಸಿ ಏನೂ ಸಿಗದಿದ್ದರೆ, ನಿಜವಾಗಿ ಇಲ್ಲವೋ ಹುಡುಕಿದ ಜಾಗ ತಪ್ಪೋ ಅಂತ ಅನುಮಾನ ಉಳಿದುಬಿಡುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ವೆಲ್ಲೂರಿನ ಸಿಎಂಸಿ ಇಂಥ ಕೆಲಸದಲ್ಲಿ ಹೆಸರು ಮಾಡಿದವು. ಮೊದಲು ಇಲ್ಲೇ ಸೊಸೈಟಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಕಾನೂನಿನ ವಿಷಯ. 1994ರ ಕಾಯ್ದೆ ತಡೆಯುವುದು ಗಂಡೋ ಹೆಣ್ಣೋ ಅಂತ ಹೇಳುವುದನ್ನು. ಲಿಂಗಕ್ಕೆ ಅಂಟಿಕೊಂಡ ಆನುವಂಶಿಕ ಕಾಯಿಲೆ ಇದೆಯಾ ಅಂತ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆ ಮಾಡಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಸಾಮಾನ್ಯವಾಗಿ 11ರಿಂದ 14ನೇ ವಾರದ ಒಳಗೆ ಮಾಸಿನ ಚೂರು ತೆಗೆದು ನೋಡುತ್ತಾರೆ. ಅದಕ್ಕೂ ತಮ್ಮನ ರಿಪೋರ್ಟ್ ಮೊದಲೇ ಕೈಯಲ್ಲಿ ಇರಬೇಕು. ಬಸಿರಾದ ಮೇಲೆ ಶುರು ಮಾಡಿದರೆ ಹೊತ್ತು ಸಾಲದು.

ಹರಿಹರದ ತಾಯಿ

ನೋಡಿಸಬೇಕೋ ಬೇಡವೋ, ನೋಡಿಸಿ ಏನು ಮಾಡಬೇಕು ಅನ್ನುವುದು ಮಾತ್ರ ನಿಂದು, ನಿನ್ನ ಗಂಡನದು. ಅತ್ತೆ ಅಜ್ಜಿ ಯಾರದ್ದೂ ಅಲ್ಲ. ಈಗ ಔಷಧ ಇದೆ. ನನ್ನ ಮಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾನೆ.

ಚನ್ನಗಿರಿ ಹುಡುಗಿ

ಹಾಗಾದರೆ ಮಾವನ ಮನೆಯವರಿಗೆ ಟೆಸ್ಟ್ ಆಗುವವರೆಗೆ ಮಾತು ಮುಂದುವರಿಸಬೇಡಿ ಅಂತ ಹೇಳುತ್ತೇನೆ. ಮೇಷ್ಟ್ರು ಹೇಳಿದ ಉಳಿದ 22 ಜೋಡಿಯ ವಿಷಯ ಮಾವನಿಗೆ ನಾನೇ ಹೇಳಬೇಕು. ಅವರು ಕೋಪ ಮಾಡಿಕೊಳ್ಳಲ್ಲ ಅನಿಸುತ್ತದೆ. ಇನ್ನೊಂದೇ ಪ್ರಶ್ನೆ ಸರ್, ತಮ್ಮನಿಗೆ ಮೊನ್ನೆಯಷ್ಟೇ ಫ್ಯಾಕ್ಟರ್ ಹಾಕಿಸಿದ್ದೇವೆ. ಡಿಎನ್‌ಎ ಟೆಸ್ಟಿಗೆ ರಕ್ತ ಕೊಡಲು ಸ್ವಲ್ಪ ದಿನ ಕಾಯಬೇಕಾ?

ಲ್ಯಾಬ್‌ನವನು ದಾವಣಗೆರೆ

ಬೇಡ. ಫ್ಯಾಕ್ಟರ್ ಮಟ್ಟ ನೋಡುವುದಾದರೆ ಕಾಯಬೇಕು, ಜೀನ್ ನೋಡಲು ಅದು ಅಡ್ಡಿ ಇಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಸಾಕು. ತೆಗೆದ ಜಾಗವನ್ನು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ. ಹೋಗುವಾಗ ತಮ್ಮನ ಹಳೆ ರಿಪೋರ್ಟ್ ಎಲ್ಲ ತೆಗೆದುಕೊಂಡು ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಸ್ಯಾಂಪಲ್ ಕೂಡ ಕೇಳಬಹುದು.